ತಾನ ನಿಂತೈತ್ರಿ

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಗಿರಾಕಿ ಫೋನಿನಲ್ಲಿ ಹೇಳುವ ಮೊದಲ ಮಾತನ್ನು ನಂಬಬೇಡಿ. ಎರಡನೆಯದನ್ನು ಅರ್ಧ ಮಾತ್ರ ನಂಬಿ. ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಹೋದಕೂಡಲೇ ಕುರ್ಚಿ ಕೊಡುತ್ತಾರೆ, ಚಹಾ ತರಿಸುತ್ತಾರೆ, ಮಗಳ ಮದುವೆ ಎಲ್ಲಿಗೆ ಬಂತು ಎಂದು ವಿಚಾರಿಸುತ್ತಾರೆ. ಆದರೆ ಸ್ಕ್ಯಾನರ್ ಕೆಟ್ಟು ನಿಂತ ಗಳಿಗೆಯಲ್ಲಿ ಪಕ್ಕದಲ್ಲಿ ಯಾರೇ ಇದ್ದರೂ ಅವರ ಕೈ ಅದನ್ನು ಮುಟ್ಟಿರುವುದಿಲ್ಲ.

‘ತಾನ ನಿಂತೈತ್ರಿ.’

ಇದೇ ಆ ಮೊದಲ ಮಾತು. ಪುಸ್ತಕದ ಕನ್ನಡದಲ್ಲಿ ‘ತಾನೇ’ ಎನ್ನುವುದು ನಮ್ಮ ಬಾಗಲಕೋಟೆ ಕಡೆಯ ಬಾಯಲ್ಲಿ ‘ತಾನ’ ಆಗುತ್ತದೆ. ಹಾಳೆ ಸಿಕ್ಕಿಕೊಂಡರೆ ತಾನ ಸಿಕ್ಕಿರುತ್ತದೆ. ಗಾಜು ಸೀಳಿದರೆ ತಾನ ಸೀಳಿರುತ್ತದೆ. ಮುಚ್ಚಳದ ಕೀಲು ಮುರಿದು ನೇತಾಡುತ್ತಿದ್ದರೂ ಅದು ತಾನ ಮುರಿದದ್ದು. ಬಾಗಲಕೋಟೆಯ ಒಂದು ಖಾಸಗಿ ಸರ್ವಿಸ್ ಕಂಪನಿಯಲ್ಲಿ ದಾಖಲೆ ಸ್ಕ್ಯಾನರುಗಳ ರಿಪೇರಿ ಮಾಡುತ್ತ ನನ್ನ ಸೇವೆ ಮುಗಿಯಿತು. ಕಾಲೇಜು, ಪತ್ತಿನ ಸಂಘ, ವಕೀಲರ ಆಫೀಸು, ಕಾಗದದ ರಾಶಿ ಇದ್ದಲ್ಲೆಲ್ಲ ನಮ್ಮ ಯಂತ್ರಗಳಿದ್ದವು. ಬಾದಾಮಿ, ಹುನಗುಂದ, ಇಳಕಲ್ ನನ್ನ ಪಾಲಿಗೆ ಬಂದ ದಾರಿಗಳು. ಈ ಮೂರೂ ದಾರಿಯಲ್ಲಿ ನಾನು ಬಹಳ ಯಂತ್ರಗಳನ್ನು ನೋಡಿದೆ. ಬಿಡಿಭಾಗ ಸವೆದು ನಿಂತವುಗಳಿಗಿಂತ ಮನುಷ್ಯರ ಕೈಗೆ ಸಿಕ್ಕು ನಿಂತವೇ ಹೆಚ್ಚು.

ಸಂಶಯ ನನಗೆ ಮನೆಯಿಂದಲೇ ಬಂದದ್ದು. ನಮ್ಮ ಅಪ್ಪ ಹೈಸ್ಕೂಲ್ ಮಾಸ್ತರರು. ಒಂದೇ ಬೆಂಚಿನ ಇಬ್ಬರು ಒಂದೇ ರೀತಿ ತಪ್ಪು ಬರೆದಿದ್ದರೆ ಕನ್ನಡಕ ಒರೆಸಿಕೊಂಡು ಎರಡೂ ಉತ್ತರಪತ್ರಿಕೆಗಳನ್ನು ಪಕ್ಕ ಪಕ್ಕ ಇಟ್ಟುಕೊಂಡು ಕೂತುಬಿಡುತ್ತಿದ್ದರು. ನನ್ನ ಹೆಂಡತಿ ಬಂದ ನೆಂಟರ ಮುಂದೆ ಇವತ್ತಿಗೂ ನನ್ನ ಮಾನ ತೆಗೆಯುತ್ತಾಳೆ: ‘ಹಾಲಿನವನ ಮಾತು ಬಿಡ್ರಿ, ನಮ್ಮವರು ಗುಡಿಯ ತೀರ್ಥಾನೂ ಬೆಳಕಿಗೆ ಹಿಡದು ನೋಡ್ತಾರ.’ ಕಂಪನಿಯಲ್ಲಿ ನನಗೆ ಫೌಜದಾರ ಎಂದು ಹೆಸರಿಟ್ಟಿದ್ದರು. ನಮ್ಮ ಕಡೆ ಪೊಲೀಸ್ ಸಬ್‌ಇನ್‌ಸ್ಪೆಕ್ಟರನನ್ನು ಹಾಗೆ ಕರೆಯುವುದುಂಟು. ನನಗೆ ಬೇಸರವೇನೂ ಆಗಲಿಲ್ಲ.

ಹುನಗುಂದದ ಪತ್ತಿನ ಸಂಘವೊಂದರಿಂದ ಮೇಲಿಂದ ಮೇಲೆ ಕರೆ ಬರುತ್ತಿತ್ತು. ಹಾಳೆ ಅರ್ಧ ಒಳಗೆ ಹೋಗಿ ನಿಲ್ಲುತ್ತದೆ, ಎಳೆದರೆ ಹರಿಯುತ್ತದೆ ಎಂಬ ದೂರು. ಅಲ್ಲಿಯ ಮ್ಯಾನೇಜರು ಯಂತ್ರದ ಮೇಲೆ ಕೈಯಿಟ್ಟು ಆಣೆ ಮಾಡುವವರಂತೆ ಹೇಳಿದರು.

‘ಪಿನ್ನಾ ತಗದ ಹಾಕ್ತೇವ್ರಿ. ಒಂದು ಕಸಾ ಸೈತ ಒಳಗ ಹೋಗಿಲ್ಲ. ತಾನ ಹಿಡದು ನಿಲ್ಲತೈತಿ.’

ಮುಚ್ಚಳ ತೆರೆದು ನೋಡಿದೆ. ಹಾಳೆ ಎಳೆದುಕೊಳ್ಳುವ ರಬ್ಬರಿನ ಉರುಳೆಗಳ ಮೇಲೆ ಕಂದು ಬಣ್ಣದ ಪುಡಿ ಕೂತಿತ್ತು. ಬೆರಳಿಗೆ ಹಚ್ಚಿಕೊಂಡು ಮೂಸಿದೆ. ಅದರಲ್ಲಿ ಒಂದು ಎಳ್ಳು ಕಾಳೂ ಇತ್ತು. ನಾನೇನೂ ಮಾತಾಡದೆ ಒರೆಸಿ ಬಂದೆ. ಮುಂದಿನ ಸಲ ಹೇಳದೆ ಕೇಳದೆ ಮಧ್ಯಾಹ್ನದ ಊಟದ ಹೊತ್ತಿಗೆ ಹೋದೆ. ಸ್ಕ್ಯಾನರಿನ ಸುತ್ತ ಸಿಬ್ಬಂದಿಯೆಲ್ಲ ಕೂತಿದ್ದರು. ಅದರ ಮುಚ್ಚಳದ ಮೇಲೆ ರೊಟ್ಟಿಯ ಗಂಟು ಬಿಚ್ಚಿತ್ತು. ಎಳ್ಳು ಹಚ್ಚಿದ ಕಟಕ್ ರೊಟ್ಟಿಯನ್ನು ಮ್ಯಾನೇಜರು ಟಪ್ ಎಂದು ಮುರಿದರು. ಚೂರುಗಳು ನೇರವಾಗಿ ಹಾಳೆ ಹೋಗುವ ಸಂದಿಗೆ ಬಿದ್ದವು. ನನ್ನನ್ನು ನೋಡಿ ಅವರಿಗೆ ನಾಚಿಕೆಯೂ ಆಗಲಿಲ್ಲ.

‘ಬರ್ರಿ ಬರ್ರಿ, ಛಲೋ ವ್ಯಾಳ್ಯಾಕ್ಕ ಬಂದ್ರಿ. ಕೂಡ್ರಿ, ಶೇಂಗಾ ಚಟ್ನಿ ಐತಿ.’

ಕೂತು ಉಂಡೆ. ಉಂಡ ಮೇಲೆ ಯಂತ್ರವನ್ನು ಎತ್ತಿ ಕಪಾಟಿನ ಮೇಲೆ ಇಟ್ಟೆ. ಅಲ್ಲಿಂದ ಮುಂದೆ ಹುನಗುಂದದ ಆ ಕರೆ ಬರಲಿಲ್ಲ. ಉರುಳೆ ಜಾರುತ್ತಿದ್ದರೆ ಹೊಸದು ಹಾಕುವ ಮೊದಲು ಮೆತ್ತನೆಯ ಬಟ್ಟೆಗೆ ಸ್ವಲ್ಪ ಸ್ಪಿರಿಟ್ ಹಚ್ಚಿ, ಉರುಳೆಯನ್ನು ಕೈಯಿಂದ ತಿರುಗಿಸುತ್ತ ಒರೆಸಿ. ಬಾಯಿಂದ ಊದಬೇಡಿ, ಉಗುಳು ಹಾರುತ್ತದೆ. ಚಾಕುವಿನಿಂದ ಕೆರೆಯಲಂತೂ ಹೋಗಬೇಡಿ.

ಬಾದಾಮಿಯಲ್ಲಿ ಮಾತ್ರ ‘ತಾನ’ ಎನ್ನುವವರು ಕಡಿಮೆ. ಅಲ್ಲಿ ಏನಾದರೂ ಮಂಗ ಮಾಡಿರುತ್ತದೆ. ಗುಡ್ಡದ ಬುಡದ ಒಂದು ಶಾಲೆಯ ಆಫೀಸಿನಲ್ಲಿ ಕಂಪ್ಯೂಟರಿಗೆ ಸ್ಕ್ಯಾನರ್ ಕಾಣುತ್ತಿಲ್ಲ ಎಂದು ದೂರು ಬಂತು. ಹೋಗಿ ನೋಡಿದರೆ ಹಿಂದಿನ ವಾಯರ್ ಬಿಚ್ಚಿಬಿದ್ದಿತ್ತು. ಸಿಗಿಸಿ ಬಂದೆ. ಮುಂದಿನ ವಾರ ಮತ್ತೆ ಅದೇ.

‘ಮಂಗ್ಯಾ ಕಿತ್ತೈತ್ರಿ ಸರ,’ ಎಂದರು ಅಲ್ಲಿಯ ಕ್ಲರ್ಕ್ ಅಕ್ಕೋರು.

ನನಗೆ ನಗು ಬಂತು. ವಾಯರ್ ಕಿತ್ತಾಗೆಲ್ಲ ಇವರಿಗೆ ಕೆಲಸಕ್ಕೆ ರಜೆ. ಹಾಗಾದರೆ ಕೀಳುವವರು ಯಾರು ಎಂದು ಮನಸ್ಸಿನಲ್ಲೇ ತೀರ್ಪು ಬರೆದುಕೊಂಡು, ಮೂರನೆಯ ಸಲ ಹೋದಾಗ ಮೇಜಿನ ಕೆಳಗೆ ಮಲಗಿ ಸಾಕೆಟ್ ಸಡಿಲವಾಗಿದೆಯೇ ಎಂದು ನೋಡುತ್ತಿದ್ದೆ. ಕುರ್ಚಿ ಕಿರ್ ಎಂದಿತು. ಅಕ್ಕೋರು ಬಂದರೆಂದು ತಲೆ ಎತ್ತಿದರೆ ಒಂದು ದೊಡ್ಡ ಗಂಡು ಮಂಗ ಕುರ್ಚಿಯ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಅದು ನಿಧಾನವಾಗಿ ಕೈ ಚಾಚಿ, ಜೋತಾಡುತ್ತಿದ್ದ ವಾಯರ್ ಹಿಡಿದು ಎಳೆದು ಕಿತ್ತು, ನನ್ನ ಒರೆಸುವ ಬಟ್ಟೆಯನ್ನೂ ಎತ್ತಿಕೊಂಡು ಕಿಟಕಿಯಿಂದ ಹೋಯಿತು. ಅಕ್ಕೋರು ಬಾಗಿಲಲ್ಲಿ ನಿಂತಿದ್ದರು.

‘ಈಗರ ನಂಬತೀರಿಲ್ರಿ ಫೌಜದಾರ್ರ?’

ನನ್ನ ಅಡ್ಡಹೆಸರು ಬಾದಾಮಿಗೂ ಮುಟ್ಟಿತ್ತೆಂದು ಗೊತ್ತಾದದ್ದು ಆಗಲೇ. ವಾಯರನ್ನು ಮೇಜಿನ ಕಾಲಿಗೆ ಬಿಗಿಯಾಗಿ ಕಟ್ಟಿ ಬಂದೆ. ಸಂಶಯ ಬಂದರೆ ಹೋಗಿ ಕಣ್ಣಾರೆ ನೋಡಬೇಕು. ನೋಡದೆ ಇಟ್ಟುಕೊಂಡ ಸಂಶಯ ಬರೀ ಚಾಡಿಯಾಗುತ್ತದೆ.

ಚಾಡಿಯ ಮಾತು ಬಂದಾಗ ಬೇವೂರಿನದನ್ನು ಹೇಳಬೇಕು. ಅಲ್ಲಿಯ ರೈತರ ಸಂಘವೊಂದರಲ್ಲಿ ಸದಸ್ಯರ ಕಾಗದಗಳನ್ನು ಸ್ಕ್ಯಾನ್ ಮಾಡಿ ಅಚ್ಚು ತೆಗೆದು ಗೋಡೆಗೆ ಹಚ್ಚಿದ್ದರು. ಪ್ರತಿ ಹಾಳೆಯಲ್ಲೂ ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆ. ಆ ಗೆರೆ ಹೆಸರಿನ ಮೇಲೆಯೇ ಹಾಯ್ದಿತ್ತು. ಒಬ್ಬ ರೈತರು ಆಫೀಸಿನ ಮುಂದೆ ನಿಂತು ಕೂಗಾಡುತ್ತಿದ್ದರು.

‘ನನ್ನ ಹೆಸರು ಹೊಡದು ಹಾಕ್ಯಾರ! ನೋಡ್ರಿ ಇಲ್ಲೆ, ಗೀಟು ಎಳದಾರ! ಯಾರು ಹೇಳಿ ಮಾಡಿಸ್ಯಾರ ಅನ್ನೂದು ನನಗ ಗೊತ್ತೈತಿ!’

ಕಾಗದದಲ್ಲಿ ಇಲ್ಲದ ಗೆರೆ ಸ್ಕ್ಯಾನಿನಲ್ಲಿ ಬಂದರೆ, ಹಾಳೆ ಹಾಯ್ದು ಹೋಗುವ ದಾರಿಯಲ್ಲಿ ಬೆರಳಗಲದ ಒಂದು ಗಾಜಿನ ಪಟ್ಟಿ ಇರುತ್ತದೆ, ಅದನ್ನು ನೋಡಿ. ಒಂದು ಕಣದಷ್ಟು ಧೂಳು ಕೂತರೂ ಹಾಳೆಯುದ್ದಕ್ಕೂ ಗೆರೆ ಬೀಳುತ್ತದೆ. ಒರೆಸಿದೆ. ನನ್ನ ಬಟ್ಟೆ ಹಳದಿಯಾಯಿತು. ಕ್ಲರ್ಕ್ ಕಡೆ ನೋಡಿದೆ. ಅವರು ಬೀರಪ್ಪನ ಭಕ್ತರು. ಯಂತ್ರ ಬಂದ ದಿನ ಪೂಜೆ ಮಾಡಿ, ಮುಚ್ಚಳ ತೆರೆದು ಒಳಗೂ ಭಂಡಾರ ಹಾರಿಸಿದ್ದರು. ಅರಿಶಿನದ ಪುಡಿ ಆ ಗಾಜಿಗೆ ಹಿಡಿದುಕೊಂಡಿತ್ತು. ಕೂಗಾಡುತ್ತಿದ್ದ ರೈತರಿಗೆ ಬಟ್ಟೆ ತೋರಿಸಿದೆ. ಅವರೂ ಬೀರಪ್ಪನ ಒಕ್ಕಲೇ. ಬಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡು ಸುಮ್ಮನಾದರು.

‘ಹೊರಗ ಹಚ್ಚಿದರೂ ದೇವರಿಗೆ ಮುಟ್ಟತದ್ರಿ,’ ಎಂದು ಕ್ಲರ್ಕಿಗೆ ಹೇಳಿ ಬಂದೆ.

ನಮ್ಮ ಮ್ಯಾನೇಜರು ಕುಲಕರ್ಣಿ ಸಾಹೇಬರಿಗೆ ನನ್ನ ಈ ತಿರುಗಾಟ ಸೇರುತ್ತಿರಲಿಲ್ಲ. ನವನಗರದ ಆಫೀಸಿನಲ್ಲಿ ಎರಡು ಫೋನು ಮುಂದಿಟ್ಟುಕೊಂಡು ಅವರು ಎಲ್ಲವನ್ನೂ ಕೂತಲ್ಲಿಂದಲೇ ಸರಿಮಾಡುವವರು. ಮೊದಲೆಲ್ಲ ಸ್ಕ್ಯಾನರ್ ಎಂದರೆ ದೀಪ ಬಿಸಿಯಾಗುವ ತನಕ ಕಾಯಬೇಕು, ಸ್ಕ್ರೂ ಬಿಚ್ಚಿ ಬೆಲ್ಟು ನೋಡಬೇಕು. ಆಮೇಲೆ ಬಾಗಲಕೋಟೆಯಲ್ಲಿ ಕೂತು ಇಳಕಲ್ಲಿನ ಕಂಪ್ಯೂಟರಿನ ಪರದೆ ನೋಡುವ ಕಾಲ ಬಂತು. ಬಂದ್ ಮಾಡಿ ಮತ್ತೆ ಚಾಲೂ ಮಾಡಿ, ಆ ಟಿಕ್ ತೆಗೆಯಿರಿ, ಈ ಟಿಕ್ ಹಾಕಿರಿ ಎಂದರೆ ಅರ್ಧ ದೂರುಗಳು ಹೋಗುತ್ತವೆ, ಅದು ಸುಳ್ಳಲ್ಲ. ಆದರೆ ಪರದೆಯಲ್ಲಿ ರೊಟ್ಟಿಯ ಚೂರು ಕಾಣುವುದಿಲ್ಲ, ಭಂಡಾರದ ವಾಸನೆ ಬರುವುದಿಲ್ಲ.

‘ಜೋಶಿಯವರ, ನೀವು ಮಷಿನ್ ರಿಪೇರಿಗೆ ಹೋಗ್ತೀರೋ, ಮಂದಿ ರಿಪೇರಿಗೆ ಹೋಗ್ತೀರೋ?’ ಎಂದು ಸಾಹೇಬರು ಕೇಳುತ್ತಿದ್ದರು. ಕೆಲಸ ಬೇಗ ಮುಗಿಸುವುದೇ ದೊಡ್ಡದೆಂದು ತಿಳಿದ ಮನುಷ್ಯ ಎಂದು ನಾನು ಅವರನ್ನು ಒಳಗೊಳಗೇ ಶಂಕಿಸುತ್ತಿದ್ದೆ.

ಒಂದು ದಿನ ಬೆಳಿಗ್ಗೆ ಅವರೇ ಕರೆದು ಹೇಳಿದರು.

‘ಇಳಕಲ್ಲಿಗೆ ಹೋಗಿ ಬರ್ರಿ. ನೇಕಾರರ ಸಂಘ ಅದ. ಮಷಿನ್ ಛಲೋ ಅದ ಅಂತ ಒಂದು ಸಹಿ ಮಾಡಿ ಕೊಡಬೇಕಂತ. ಭಾಳ ಹೊತ್ತು ಕೂಡಬ್ಯಾಡ್ರಿ.’

ಅಷ್ಟು ವರ್ಷಗಳಲ್ಲಿ ಯಂತ್ರ ಕೆಟ್ಟಿದೆ ಎಂದು ಕರೆದವರುಂಟು, ಕೆಟ್ಟಿಲ್ಲ ಎಂದು ಬರೆದುಕೊಡಲು ಕರೆದವರಿಲ್ಲ. ಬಸ್ಸಿನಲ್ಲಿ ಕೂತಾಗಲೇ ನನಗೆ ಕಸಿವಿಸಿ ಶುರುವಾಯಿತು.

ಸಂಘದ ಸೆಕ್ರೆಟರಿ ಸಂಗಣ್ಣನವರು ಬಾಗಿಲಿಗೇ ಬಂದು ಕರೆದುಕೊಂಡರು. ಚಹಾ ಬರುವ ಮೊದಲೇ ನನ್ನ ಮುಂದೆ ಟೈಪು ಮಾಡಿದ ಎರಡು ಹಾಳೆಗಳ ಪತ್ರ ಬಂತು. ‘ಯಂತ್ರದಲ್ಲಿ ಯಾವ ದೋಷವೂ ಕಂಡುಬಂದಿಲ್ಲ’ ಎಂದು ಮೊದಲನೆಯ ಹಾಳೆಯಲ್ಲಿತ್ತು. ಎರಡನೆಯದರಲ್ಲಿ ಸೆಕ್ರೆಟರಿಯವರ ಸಹಿ ಆಗಲೇ ಬಿದ್ದಿತ್ತು, ನನ್ನದಕ್ಕೆ ಜಾಗ ಬಿಟ್ಟಿದ್ದರು. ನಾನಿನ್ನೂ ಯಂತ್ರದ ಮುಖ ನೋಡಿರಲಿಲ್ಲ.

ಮೂಲೆಯ ಸ್ಟೂಲಿನ ಮೇಲೆ ಒಬ್ಬ ಹೆಣ್ಣುಮಗಳು ತಲೆ ತಗ್ಗಿಸಿ ಕೂತಿದ್ದಳು. ಹೆಸರು ಮಹಾದೇವಿ, ಸ್ಕ್ಯಾನ್ ಮಾಡುವ ಕೆಲಸ ಅವಳದು. ಆ ದಿನ ಯಂತ್ರ ಮುಟ್ಟಬಾರದೆಂದು ಅವಳಿಗೆ ಅಪ್ಪಣೆಯಾಗಿತ್ತು. ಸಂಗಣ್ಣನವರು ಅವಳಿಗೆ ಕೇಳಿಸುವಂತೆಯೇ ಎಲ್ಲವನ್ನೂ ಹೇಳಿದರು. ನೇಕಾರರ ಗುರುತಿನ ಚೀಟಿಗೆ ಎಲ್ಲರೂ ಅರ್ಜಿ ಕೊಟ್ಟಿದ್ದರು. ಒಂದೊಂದು ಅರ್ಜಿ ಎರಡೆರಡು ಹಾಳೆ. ಇವಳು ಸ್ಕ್ಯಾನ್ ಮಾಡಿ ಕಳಿಸಿ, ಅಸಲು ಕಾಗದಗಳನ್ನು ಅವರವರಿಗೆ ತಿರುಗಿ ಕೊಟ್ಟಳು. ಈಗ ಕೆಲವು ಅರ್ಜಿ ತಿರಸ್ಕಾರವಾಗಿ ಬಂದಿವೆ. ಅವುಗಳಲ್ಲಿ ಎರಡನೆಯ ಹಾಳೆಯ ಮುಖವೇ ಇಲ್ಲ. ಸಹಿ, ಹೆಬ್ಬೆಟ್ಟು ಇರುವುದು ಅಲ್ಲಿಯೇ.

‘ಅಷ್ಟೂ ಒಂದ ಓಣಿಯವ್ರಿ. ನೂಲಿಗೆ ಗಂಜಿ ಹಚ್ಚವರ ಓಣಿ. ಆ ಓಣಿಯವರಿಗೂ ಇಕಿ ತವರಮನಿಯವರಿಗೂ ಬೀದ್ಯಾಗ ನೂಲು ಹಾಸೂ ಜಾಗದ ಸಂಬಂಧ ಜಗಳ ಐತಿ. ಮಷಿನ್ ಛಲೋ ಇದ್ರ, ಬೇಕಂತನ ಬಿಟ್ಟಾಳ ಅಂದಂಗ ಆತಲ್ರಿ? ಮಧ್ಯಾಹ್ನ ಕಮಿಟಿ ಕೂಡತೈತಿ. ನಿಮ್ಮ ಪತ್ರ ಒಂದ ಬೇಕು.’

ಈಗ ನನಗೆ ಅರ್ಥವಾಯಿತು. ನನ್ನ ಸಹಿಯಿಂದ ಇವಳ ಕೆಲಸ ಹೋಗುತ್ತದೆ. ಕೆಲಸವಷ್ಟೇ ಹೋದರೆ ಬೇರೆ ಕಡೆ ನೋಡಿಕೊಂಡಾಳು. ಇಳಕಲ್ಲಿನಂಥ ಊರಲ್ಲಿ ಹಗೆ ಇಟ್ಟು ಅರ್ಜಿ ಮುಳುಗಿಸಿದವಳು ಎಂಬ ಹೆಸರು ಬಂದರೆ ಮತ್ತೆ ಅವಳ ಕೈಗೆ ಯಾರೂ ಕಾಗದ ಕೊಡುವುದಿಲ್ಲ.

‘ಏನವ್ವಾ, ಏನಾತು?’ ಎಂದು ಕೇಳಿದೆ. ತಾನ ಆಗೈತ್ರಿ ಎನ್ನುತ್ತಾಳೆಂದು ಕಾಯುತ್ತಿದ್ದೆ.

‘ನಾನ ಹಾಕೇನ್ರಿ. ಅಷ್ಟೂ ಅರ್ಜಿ ನನ್ನ ಕೈಯಿಂದನ ಹೋಗ್ಯಾವು. ಬ್ಯಾರೆ ಯಾರೂ ಮುಟ್ಟಿಲ್ಲ. ಹೆಂಗ ತಪ್ಪಿತು ಅನ್ನೂದು ಮಾತ್ರ ನನಗ ತಿಳೀವಲ್ದು.’

ನನ್ನ ಸೇವೆಯಲ್ಲಿ ಆ ಮಾತನ್ನು ಕೇಳಿದ ನೆನಪಿಲ್ಲ. ತಾನ ಎನ್ನದೆ ನಾನ ಎಂದಳು. ಒಂದೇ ಅಕ್ಷರದ ವ್ಯತ್ಯಾಸ. ನನ್ನ ಹಾಳು ಸ್ವಭಾವಕ್ಕೆ ಅದರ ಮೇಲೂ ಸಂಶಯ ಬಂತು. ಇಷ್ಟು ನೆಟ್ಟಗೆ ಒಪ್ಪಿಕೊಳ್ಳುವವರು ಏನನ್ನಾದರೂ ಮುಚ್ಚಿಡುತ್ತಿರಬಹುದೆಂದು ಅವಳ ಮುಖವನ್ನೇ ನೋಡಿದೆ. ಅವಳು ಕಣ್ಣು ತಪ್ಪಿಸಲಿಲ್ಲ.

ಯಂತ್ರ ಚಾಲೂ ಮಾಡಿದೆ. ಬಿಡಿ ಹಾಳೆಗಳೆಲ್ಲ ಒಂದೊಂದಾಗಿ ಸರಿಯಾಗಿ ಹೋದವು. ಉರುಳೆ ಚೊಕ್ಕ, ಗಾಜು ಚೊಕ್ಕ. ಸಂಗಣ್ಣನವರು ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ.

ಹಾಳೆಯ ಎರಡೂ ಬದಿಯನ್ನು ಒಮ್ಮೆಗೇ ಓದುವ ಈ ನಮೂನೆಯ ಸ್ಕ್ಯಾನರಿನೊಳಗೆ ಒಂದು ಸೆನ್ಸರ್ ಇರುತ್ತದೆ. ನಮ್ಮ ಕಿವಿಗೆ ಕೇಳದ ಶಬ್ದವನ್ನು ಹಾಳೆಯ ಮೂಲಕ ಹಾಯಿಸಿ, ಎರಡು ಹಾಳೆ ಒಟ್ಟಿಗೆ ಬಂದಿವೆಯೇ ಎಂದು ತಿಳಿದುಕೊಳ್ಳುತ್ತದೆ. ಅನುಮಾನ ಬಂದರೆ ಪೀಂ ಎಂದು ಕೂಗಿ ನಿಂತುಬಿಡುತ್ತದೆ. ಇಡೀ ಯಂತ್ರದಲ್ಲಿ ನನ್ನ ಸ್ವಭಾವದ್ದು ಅದೊಂದೇ ಭಾಗ, ಅದರ ಮೇಲೆ ನನಗೆ ಮೊದಲಿನಿಂದಲೂ ಅಭಿಮಾನ. ಎರಡು ಹಾಳೆಗಳ ಅಂಚಿಗೆ ನೀರು ಮುಟ್ಟಿಸಿ ಅಂಟಿಸಿ ಒಳಗೆ ಬಿಟ್ಟೆ. ಕೂಗಲಿಲ್ಲ. ಎರಡನ್ನೂ ಒಂದೇ ಗುಟುಕಿಗೆ ನುಂಗಿ ಆ ಕಡೆ ಹಾಕಿತು. ಮೇಲಿನದರ ಮುಂಭಾಗ, ಕೆಳಗಿನದರ ಹಿಂಭಾಗ ಮಾತ್ರ ಪರದೆಯ ಮೇಲೆ ಬಂದವು. ನಡುವಿನದು ಬರಲೇ ಇಲ್ಲ. ಕಂಪ್ಯೂಟರಿನಲ್ಲಿ ಹುಡುಕಿದೆ. ಸೆನ್ಸರನ್ನು ಬಂದ್ ಮಾಡಲಾಗಿತ್ತು.

‘ಇದನ್ನ ಯಾರು ಬಂದ್ ಮಾಡ್ಯಾರ್ರಿ?’

‘ತಾನ ಬಂದ್ ಆಗಿರಬೇಕ್ರಿ,’ ಎಂದರು ಸಂಗಣ್ಣನವರು. ‘ಕರೆಂಟ್ ಹೋಗಿ ಬಂದ್ರ ಹಂಗ ಆಗತಾವಲ್ಲ.’

ಆಗುವುದಿಲ್ಲ. ಅದನ್ನು ಬಂದ್ ಮಾಡಲು ಪಾಸ್‌ವರ್ಡ್ ಬೇಕು, ಪಾಸ್‌ವರ್ಡ್ ಸೆಕ್ರೆಟರಿಯವರ ಹತ್ತಿರ ಮಾತ್ರ ಇರುತ್ತದೆ. ನಾನು ಅವರನ್ನೇ ನೋಡಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡಿದರು. ಆದರೆ ಅಷ್ಟಕ್ಕೇ ಬಿಡಲಿಲ್ಲ.

‘ಆತ್ರಿ, ಸೆನ್ಸರ್ ಬಂದ್ ಇತ್ತು ಅಂತ ತಿಳ್ಕೋರಿ. ಮತ್ತ ಅದ ಓಣಿಯವು ಯಾಕ ತಪ್ಪಿದವು? ಮಷಿನ್ನಿಗೆ ಓಣಿ ಗೊತ್ತೇನ್ರಿ?’

ನ್ಯಾಯವಾದ ಮಾತು. ಕಮಿಟಿ ಕೂಡಲು ಇನ್ನೂ ಹೊತ್ತಿತ್ತು. ಆ ಓಣಿಗೇ ಹೋಗಿ ನೋಡಬೇಕೆಂದು ಎದ್ದೆ. ದಾರಿ ತೋರಿಸಲು ಮಹಾದೇವಿ ಬಂದಳು. ಓಣಿಯ ಬಾಯಿಗೆ ಬಂದು ನಿಂತುಬಿಟ್ಟಳು.

‘ನಾ ಒಳಗ ಬರಂಗಿಲ್ರಿ ಸರ. ಗಂಜಿ ಗಡಗಿ ಇಟ್ಟಾರಲ್ಲ, ಅದು ಗುರವ್ವಾಯಿ ಮನಿ. ಆಕಿ ಅರ್ಜಿನೂ ತಿರುಗಿ ಬಂದೈತಿ.’

ಗುರವ್ವಾಯಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಸಂಶಯದಲ್ಲಿ ನನಗಿಂತ ಒಂದು ಕೈ ಮೇಲು.

‘ಯಾರು ಕಳಿಸ್ಯಾರ ನಿನ್ನ? ಆ ಮಹಾದೇವಿ ಕಳಿಸ್ಯಾಳೇನು?’

‘ಯಾರೂ ಕಳಿಸಿಲ್ಲಬೇ. ಮಷಿನ್ ರಿಪೇರಿ ಮಾಡವ. ನಿಮ್ಮ ಅರ್ಜಿ ಒಮ್ಮೆ ತೋರಸ್ರಿ.’

ಬಹಳ ಹೊತ್ತು ವಿಚಾರ ಮಾಡಿ, ಒಳಗಿನಿಂದ ತಂದು, ಕೈಯಲ್ಲಿ ಕೊಡದೆ ದೂರದಿಂದ ತೋರಿಸಿದರು. ಎರಡೂ ಹಾಳೆ ಇದ್ದವು. ಒಂದು ಮೂಲೆ ಮಾತ್ರ ಹಪ್ಪಳದಂತೆ ಬಿರುಸಾಗಿ ನಿಂತಿತ್ತು. ಅಲ್ಲಿ ಎರಡು ಹಾಳೆಗಳೂ ಒಂದಾಗಿದ್ದವು.

‘ಇದೇನು ಹಚ್ಚೀರಿ ಇಲ್ಲೆ?’

‘ಗಂಜಿ. ಮತ್ತೇನು ಹಚ್ಚೂದು? ಅರ್ಜಿಗೆ ಪಿನ್ ಹಾಕಬಾರದು ಅಂತ ಸಂಘದ ಬಾಗಲಕ್ಕ ಬರದು ಹಚ್ಚಿದ್ರು. ಬಿಡಿ ಹಾಳಿ ಹೆಂಗ ಕೊಡೂದು? ಸೀರಿ ಒಡಲಿಗೆ ಸೆರಗು ಕೂಡಿಸಿ ಬಾಳೇ ಮಾಡಿದವರು ನಾವು. ಎರಡು ತುದಿ ಬಿಡಿ ಬಿಟ್ಟು ಮಂದಿ ಕೈಯಾಗ ಕೊಡಾಕ ಮನಸ ಬರಂಗಿಲ್ಲಪಾ. ಒಂದ ಬೆರಳ ಗಂಜಿ ಹಚ್ಚಿ ಕೊಟ್ವಿ. ನಾ ಅಷ್ಟ ಅಲ್ಲ, ಓಣ್ಯಾಗ ಎಲ್ಲಾರೂ ಹಂಗ ಮಾಡ್ಯಾರ.’

ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಪಿನ್ನು ಯಂತ್ರಕ್ಕೆ ವೈರಿ, ಹಾಕಬೇಡಿ ಎಂದು ಊರೂರಿಗೆ ಹೇಳಿದ್ದು ನಮ್ಮ ಕಂಪನಿಯೇ. ಬೇರೆ ಓಣಿಯವರು ಬಿಡಿ ಹಾಳೆ ಕೊಟ್ಟರು, ಇಲ್ಲವೇ ಪಿನ್ನು ಹೊಡೆದೇ ಕೊಟ್ಟರು, ಅದನ್ನು ಮಹಾದೇವಿ ಕಿತ್ತಳು. ಹೇಳಿದ ಮಾತು ಕೇಳಿಯೂ ಕಾಗದ ಬಿಡಿ ಬಿಡಲು ಒಪ್ಪದವರು, ಮನೆಮುಂದೆ ಗಂಜಿಯ ಗಡಿಗೆ ಇಟ್ಟುಕೊಂಡವರು ಈ ಓಣಿಯವರು ಮಾತ್ರ. ಪಿನ್ನಿಲ್ಲದ ಹಾಳೆ ಬಿಡಿಯಾಗಿಯೇ ಇದೆ ಎಂದು ಅವಳು ತಿಳಿದಿದ್ದಳು. ಯಂತ್ರಕ್ಕೆ ಓಣಿ ಗೊತ್ತಿರಲಿಲ್ಲ, ಗಂಜಿಗೆ ಗೊತ್ತಿತ್ತು.

ಗುರವ್ವಾಯಿಯಿಂದ ಒಂದು ಬಟ್ಟಲು ಗಂಜಿ ಕೇಳಿ ತಂದೆ. ಅದೂ ಯಾಕೆ ಬೇಕೆಂದು ಮೂರು ಸಲ ಕೇಳಿಯೇ ಕೊಟ್ಟರು.

ಕಮಿಟಿ ಕೂಡಿತು. ಅಧ್ಯಕ್ಷರು ವಯಸ್ಸಾದ ನೇಕಾರರು, ಮಾತು ಕಡಿಮೆ. ‘ಪತ್ರ ಎಲ್ಲೈತಿ?’ ಎಂದರು. ನಾನು ಸಂಗಣ್ಣನವರ ಎರಡು ಹಾಳೆಯ ಪತ್ರ ತೆಗೆದುಕೊಂಡು, ಎಲ್ಲರ ಎದುರಿಗೇ ಮೂಲೆಗೆ ಒಂದು ಬೆರಳು ಗಂಜಿ ಹಚ್ಚಿ, ಫ್ಯಾನಿನ ಕೆಳಗೆ ಹಿಡಿದು ಒಣಗಿಸಿ, ಮಹಾದೇವಿಯ ಕೈಗೆ ಕೊಟ್ಟೆ. ಅವಳು ಯಂತ್ರದೊಳಗೆ ಬಿಟ್ಟಳು. ಪರದೆಯ ಮೇಲೆ ಮೊದಲ ಹಾಳೆ ಬಂತು. ಸಂಗಣ್ಣನವರ ಸಹಿ ಬರಲಿಲ್ಲ. ಆ ಓಣಿಯವರೂ ಹೀಗೇ ಗಂಜಿ ಹಚ್ಚಿದ್ದರೆಂದೂ, ಎರಡು ಹಾಳೆ ಕೂಡಿ ಹೋದರೆ ಯಂತ್ರ ಕೂಗಬೇಕಿತ್ತೆಂದೂ ಹೇಳಿದೆ.

‘ನಿಮ್ಮ ಸಹಿ ಯಾರು ತಗೊಂಡ್ರು ನೋಡ್ರಿ ಸೆಕ್ರೆಟರಿಯವರ,’ ಎಂದೆ. ‘ನಿಮಗೂ ಇಕಿ ತವರಮನಿಗೂ ಏನರ ಜಗಳ ಅದ ಏನ್ರಿ?’

ಯಾರೋ ನಕ್ಕರು. ಅಧ್ಯಕ್ಷರು ನಗಲಿಲ್ಲ.

‘ಎರಡು ಕೂಡಿ ಹೋದ್ರ ಕೂಗತೈತಿ ಅಂದ್ರಲ್ಲ. ಯಾಕ ಕೂಗಲಿಲ್ಲ? ಬಾಯಿ ಕಟ್ಟಿದವರು ಯಾರು?’

ಸಂಗಣ್ಣನವರು ಬಾಯಿ ತೆರೆದರು. ಮತ್ತೆ ‘ತಾನ’ ಎಂಬ ಅದೇ ಮಾತು ಬರುತ್ತದೆಂದು ನನಗೆ ಗೊತ್ತಿತ್ತು. ಬರುವ ಮೊದಲೇ ನಾನು ಕುಲಕರ್ಣಿ ಸಾಹೇಬರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಿಸುವಂತೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಬೆಳಿಗ್ಗೆ ಅವರು ‘ಭಾಳ ಹೊತ್ತು ಕೂಡಬ್ಯಾಡ್ರಿ’ ಎಂದದ್ದೂ, ಕೂತಲ್ಲಿಂದಲೇ ಟಿಕ್ ತೆಗೆಸುವ ಅವರ ರೂಢಿಯೂ ತಲೆಯಿಂದ ಹೋಗಿರಲಿಲ್ಲ. ನಿವೃತ್ತಿಗೆ ಬಹಳ ದಿನ ಉಳಿಯದವನು ಮೇಲಿನವರನ್ನು ಹತ್ತು ಜನರೆದುರು ಹೀಗೆ ಕೇಳಬಾರದು. ಅವರು ನಾಜೂಕಾಗಿ ಜಾರಿಕೊಳ್ಳುತ್ತಾರೆ, ಕಡೆಗೆ ನಾನೂ ಈ ಹುಡುಗಿಯೂ ಬಯಲಿನಲ್ಲಿ ನಿಲ್ಲುತ್ತೇವೆ ಎಂದೇ ನನ್ನ ಲೆಕ್ಕ.

‘ಸಾಹೇಬರ, ಇಳಕಲ್ಲದ ಮಷಿನ್ನಿನೊಳಗ ಎರಡು ಹಾಳಿ ಹಿಡಿಯೋ ಸೆನ್ಸರ್ ಬಂದ್ ಅದ. ಒಬ್ಬ ಹೆಣ್ಣಮಗಳ ಮ್ಯಾಲ ಆರೋಪ ಬಂದದ. ಕಮಿಟಿಯವರೆಲ್ಲ ಇಲ್ಲೇ ಕೂತಾರ, ಕೇಳಲಿಕ್ಕತ್ತಾರ. ಅದನ್ನ ಯಾರು ಬಂದ್ ಮಾಡಿಸ್ಯಾರ ನಿಮಗೇನರ ಗೊತ್ತದ ಏನ್ರಿ?’

ಫೋನನ್ನು ಅಧ್ಯಕ್ಷರ ಕಡೆ ಸರಿಸಿದೆ.

‘ನಾನ ಹೇಳೀನಿ,’ ಎಂದರು ಸಾಹೇಬರು. ‘ಅರ್ಜಿ ಮ್ಯಾಲಿನ ಫೋಟೋ ಬಂದಾಗೆಲ್ಲ ದಪ್ಪ ಅಂತ ನಿಲ್ಲತದ, ಕಡೀ ದಿನ ಹತ್ರ ಬಂದದ ಅಂತ ಸೆಕ್ರೆಟರಿಯವರು ದಿನಾ ಫೋನ್ ಮಾಡ್ತಿದ್ರು. ಪಾಸ್‌ವರ್ಡ್ ಹಾಕಿ ಬಂದ್ ಮಾಡ್ರಿ ಅಂತ ನಾನ ಹೇಳಿದೆ. ಹಿಂಗ ಆಗ್ಯದ ಅಂತ ನನಗ ಗೊತ್ತಿದ್ದಿಲ್ಲ. ಬರೇ ಸಹಿ ಅಂದ್ರು. ಆ ಹೆಣ್ಣಮಗಳು ಅಲ್ಲೇ ಇದ್ರ ಅಕೀಗೂ ಕೇಳಸ್ರಿ. ಬರದು ಕೊಡ್ರಿ ಅಂದ್ರ ಬರದೂ ಕೊಡ್ತೀನಿ.’

ನಾನು ಇಷ್ಟು ವರ್ಷ ಶಂಕಿಸಿದ ಮನುಷ್ಯ ಒಂದು ಉಸಿರಿಗೆ ಹೇಳಿಬಿಟ್ಟರು. ಅಧ್ಯಕ್ಷರು ಸಂಗಣ್ಣನವರ ಕಡೆ ತಿರುಗಿದರು.

‘ಬಂದ್ ಮಾಡಿದಾವ ನಾನ ರೀ,’ ಎಂದರು ಸಂಗಣ್ಣನವರು. ಧ್ವನಿ ಸಣ್ಣದಾಗಿತ್ತು. ‘ತಾರೀಕು ಮುಗೀತಿತ್ತು. ಅದರ ಕೂಗಾಟ ತಡಕೊಳ್ಳಾಕ ಆಗಲಿಲ್ಲ.’

ಮಹಾದೇವಿಯ ಮೇಲಿನ ಆರೋಪ ಅಲ್ಲಿಗೆ ಬಿತ್ತು. ಅರ್ಜಿಗಳನ್ನು ಮತ್ತೆ ಸ್ಕ್ಯಾನ್ ಮಾಡಿ, ಸಂಘದ ತಪ್ಪೆಂದು ಬರೆದು ಕಳಿಸಲು ನಿರ್ಣಯವಾಯಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಯಂತ್ರದ ಮುಂದೆ ಕೂತಳು. ನಾನು ಸೆನ್ಸರ್ ಚಾಲೂ ಮಾಡಿದೆ. ಫೋಟೋ ಬರುವ ಜಾಗವನ್ನಷ್ಟೇ ಬಿಟ್ಟು ಉಳಿದೆಡೆ ನೋಡು ಎಂದು ಯಂತ್ರಕ್ಕೆ ಹೇಳುವ ದಾರಿಯೂ ಇದೆ, ಅದನ್ನೂ ಮಾಡಿದೆ. ಹೊಸಬರು ಇದನ್ನು ಕಲಿತುಕೊಳ್ಳಿ. ಕೂಗುತ್ತದೆ ಎಂದು ಬಾಯಿ ಕಟ್ಟಲು ಹೋಗಬೇಡಿ.

ಸುದ್ದಿ ಓಣಿಗೆ ಮುಟ್ಟಿತ್ತು. ಸಂಜೆಯಾಗುವ ಮೊದಲೇ ಗುರವ್ವಾಯಿ ಅರ್ಜಿ ಹಿಡಿದುಕೊಂಡು ಬಂದರು. ಮಹಾದೇವಿಯ ಮುಖ ನೋಡದೆ ಮೇಜಿನ ಮೇಲಿಟ್ಟು, ಮೂಲೆಗೆ ನೀರಿನ ಬೆರಳು ಮುಟ್ಟಿಸಿ ಹಾಳೆಗಳನ್ನು ತಾವೇ ಬಿಡಿಸಿದರು. ಬಿಟ್ಟಿದೆ ಎಂದುಕೊಂಡು ಮಹಾದೇವಿ ಒಳಗೆ ಹಾಕಿದಳು. ಗಂಜಿ ಎಲ್ಲೋ ಒಂದಿಷ್ಟು ಉಳಿದಿತ್ತು. ಯಂತ್ರ ಪೀಂ ಎಂದು ಕೂಗಿ ಗಕ್ಕನೆ ನಿಂತಿತು.

ಗುರವ್ವಾಯಿ ಬೆಚ್ಚಿ ಅವಳ ಕೈ ಹಿಡಿದುಕೊಂಡರು. ‘ಏನು ಮಾಡಿದೆ ಯವ್ವಾ?’

‘ನಾ ಏನೂ ಮಾಡಿಲ್ಲಬೇ,’ ಎಂದಳು ಮಹಾದೇವಿ. ‘ತಾನ ನಿಂತೈತಿ.’

ಕಮಿಟಿಯವರೆಲ್ಲ ನನ್ನ ಕಡೆ ನೋಡಿದರು. ಗುರವ್ವಾಯಿಯೂ ನೋಡಿದರು, ಹಿಡಿದ ಕೈ ಬಿಟ್ಟಿರಲಿಲ್ಲ.

‘ಖರೆ ಅದರಿ,’ ಎಂದೆ. ಆ ಮಾತನ್ನು ನಾನು ನಂಬಿದ್ದು ಅದೊಂದೇ ಸಲ.